ಹತ್ತು ನಿಮಿಷದ ಮಂತ್ರ

೧೮ ನವೆಂಬರ್ ೨೦೧೮, ರವಿವಾರ, ಮಿರಜ

ದಾಳ ಉರುಳಿಸಿ ಮಾಂತ್ರಿಕರ ಕಥಿ ಆಡೋ ನಮ್ಮ ಆಟಕ್ಕ ತುಷಾರ ಇವತ್ತ ಅನುಜಾನ್ನ ಕರಕೊಂಡು ಬಂದಿದ್ದ. ನನ್ನ ಬಿಟ್ಟು ಮದುವಿ ಆಗಾಕ ಹೊಂಟಿದ್ದು ಈಕೀನ್ನ.

ಆಟ ನಡಸಾಕಿ ನಾನು. ಕಥಿಯ ಗುಹೆಯೊಳಗ ಒಂದು ಪೆಟ್ಟಿಗಿ ಇಟ್ಟೆ. ಅದಕ್ಕ ಮಾಟ ಆಗೇತೋ ಇಲ್ಲೋ ನೋಡಬೇಕು, ಆದ್ರ ಎಲ್ಲಾರ ಮಂತ್ರಶಕ್ತೀನೂ ಮುಗದಿತ್ತು. ನಿಧಾನ ವಿಧಿ ಮಾಡಿದ್ರ ಶಕ್ತಿ ಬೇಕಾಗಂಗಿಲ್ಲ. ಆದ್ರ ತುಷಾರ ಆಡೋ ಪೂಜಾರಿ ಮುಂಜಾನೆ ಪ್ರಾರ್ಥನಾದಾಗ ಆ ಮಂತ್ರ ಬೇಡಿರಲಿಲ್ಲ. ನಮ್ಮ ಇನ್ನೊಬ್ಬ ಆಟಗಾರ ಭೂಷಣನ ಹುಟ್ಟು ಮಾಂತ್ರಿಕಗ ವಿಧಿ ಮಾಡೋ ಹಕ್ಕೇ ಇಲ್ಲ. ಅನುಜಾನ ಪಂಡಿತಗ ಮಾತ್ರ ಪುಸ್ತಕ ನೋಡಿ ಓದಿದ್ರ ಸಾಕು, ಹತ್ತು ನಿಮಿಷ.

"ಗಡಿಯಾರ ನೋಡಿ ಖರೇನ ಹತ್ತು ನಿಮಿಷ ಸುಮ್ಮನ ಕುಂದ್ರಬೇಕು," ಅಂದೆ. ಈ ನಿಯಮ ನಾ ಅಲ್ಲೇ ಹುಟ್ಟಿಸಿದ್ದು.

ಹೊತ್ತು ಮುಳುಗಿದ ಮ್ಯಾಲ ತುಷಾರ, ಅನುಜಾ ಇಬ್ಬರೂ ಉಣ್ಣಂಗಿಲ್ಲ. ನಾವೂ ಜೈನರ, ನನಗ ಗೊತ್ತಿಲ್ಲೇನು? ಸೂರ್ಯ ಎದುರಿನ ಹೊಸ ಅಪಾರ್ಟ್‌ಮೆಂಟಿನ ಹಿಂದ ಸರದ.

"ಮುಳುಗಿದನೇನ್ರಿ ಅಕ್ಕಾ?" ಅನುಜಾ ಕೇಳಿದಳು.

"ಮುಳುಗಿದನವ್ವಾ." ಇನ್ನೂ ಇದ್ದ.

ಆಮ್ಯಾಲ ಪೆಟ್ಟಿಗಿ ಖಾಲಿ ಐತಿ ಅಂತ ಹೇಳಿದೆ.

ಇಬ್ಬರೂ ಉಣ್ಣಾಕ ತಂದ ಡಬ್ಬಿ ನನ್ನ ಕೈಯಾಗ ಕೊಟ್ಟು ಹಸಗೊಂಡ ಹ್ವಾದ್ರು. ಶೇಂಗಾ ಹೋಳಿಗಿ, ತುಷಾರಗ ಸೇರತಾವಂತ ಆಕಿ ಮಾಡಿದ್ದು. ಈಗ ರಾತ್ರಿ ಆದ್ರೂ ಕುಂತು ಎಲ್ಲಾ ನಾನ ತಿಂದೆ.

ನನಗಿಂತ ಚಲೋ ಮಾಡ್ಯಾಳ.