ತಳ ಮುಟ್ಟದ ಹಗ್ಗ

ಸೆಪ್ಟೆಂಬರ್ 2, ಬೆಳಗ್ಗೆ 7
ಮತ್ತದೇ ಬಂದರುಕಟ್ಟೆ, ಅದೇ ಹಗ್ಗ. ಮೀಟರ್ ಕಟ್ಟಿ ಸಮುದ್ರಕ್ಕಿಳಿಸು, ನೀರಲ್ಲಿ ಆಮ್ಲಜನಕ ಎಷ್ಟಿದೆ ನೋಡು, ರಿಜಿಸ್ಟರಿಗೆ ಬರಿ. ಗಾಣದೆತ್ತಿಗಾದ್ರೂ ರಜೆ ಇರುತ್ತೇನೋ. ತಳದವರೆಗೆ ಬಿಡ್ಬೇಕು — ಹನ್ನೆರಡು ಮೀಟರ್. ಹಾಳಾದ ಬಲಭುಜ, ಮೇಲೆಳೆಯುವಾಗ ಜೀವ ಹೋಗುತ್ತೆ. ಒಂದು ಮೀಟರಿಗೇ ನಿಲ್ಲಿಸಿದೆ. ಲೀಟರಿಗೆ 6.1 ಮಿಲಿಗ್ರಾಂ. ‘ತಳ’ ಅನ್ನೋ ಕಾಲಮ್ಮಿಗೆ ಅಂದಾಜಿನ ಮೇಲೆ 5.8. ಹದಿನೈದು ದಿನದಿಂದ ಹೀಗೇ. ಯಾರು ನೋಡ್ತಾರೆ...

ಸೆಪ್ಟೆಂಬರ್ 5
ತಮ್ಮನ ಫೋನ್. ಇದೇ ಕೊಲ್ಲಿಯಲ್ಲಿ ಅವನದು ಆರು ಪಂಜರ, ಮೀನು ಸಾಕಣೆ.
“ಅಕ್ಕಾ, ಮೀನು ಮೇವು ಮುಟ್ತಿಲ್ಲ ಕಣೇ. ನೀರು ಹೇಗಿದೆ? ಕೆಟ್ಟಿದ್ರೆ ಹೇಳು, ಇವತ್ತೇ ಪಂಜರ ಹೊರಗಡೆ ಆಳಕ್ಕೆ ಎಳೆಸ್ತೀನಿ.”
“ಚೆನ್ನಾಗಿದೆ ಕಣೋ. 5.8.” ಬಾಯಿಗೆ ಬಂದಿದ್ದು ಅದೇ. ಸುಸ್ತಾಗಿತ್ತು.
“ನೀನು ಹೇಳಿದ್ಮೇಲೆ ಮುಗೀತು ಬಿಡು.”

ಸೆಪ್ಟೆಂಬರ್ 6, ಬೆಳಗ್ಗೆ 6
ಕಟ್ಟೆಯ ಮೆಟ್ಟಿಲ ತುಂಬ ಏಡಿ. ತಾವಾಗೇ ಹತ್ತಿ ಬಂದಿವೆ. ಜನ ಬಕೆಟ್ ಹಿಡ್ಕೊಂಡು ಒಂದೇ ಖುಷಿ — ಸಮುದ್ರಾನೇ ಮನೆಬಾಗಿಲಿಗೆ ತಂದ್ಕೊಡ್ತಿದೆ ಅಂತ. ಕೆಳಗೆ ಉಸಿರಾಡಕ್ಕಾಗದೆ ಓಡಿ ಬಂದವು ಇವು. ಭುಜ ಬಿದ್ದುಹೋಗ್ಲಿ ಅಂತ ಹಗ್ಗ ಪೂರ್ತಿ ಬಿಟ್ಟೆ. 0.4. ಎರಡಕ್ಕಿಂತ ಕಮ್ಮಿಯಾದ್ರೆ ಮೀನು ಬದುಕಲ್ಲ. ತಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ರಿಜಿಸ್ಟರಿಗೆ ಬರೆಯದೆ ಹಾಗೇ ಮುಚ್ಚಿಟ್ಟೆ.

ಅದೇ ದಿನ, ಮಧ್ಯಾಹ್ನ
ಗಾಳಿ ತಿರುಗಿ ತಳದ ನೀರು ಮೇಲೆದ್ದಿದೆ. ಆರೂ ಪಂಜರದಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲ್ತಿವೆ. ತಮ್ಮ, ಅವನ ಹೆಂಡತಿ ಎತ್ತಿ ಎತ್ತಿ ಹಾಕ್ತಿದ್ರು. ನಾನೂ ಎತ್ತಿದೆ. ಇದಕ್ಕೆಲ್ಲ ಭುಜ ಬಗ್ಗುತ್ತೆ ನೋಡು.

ಸೆಪ್ಟೆಂಬರ್ 11
ನಮ್ಮ ಮೀನುಗಾರಿಕೆ ಇಲಾಖೆ ಸಾಹೇಬರು ಬಂದು ನನ್ನ ರಿಜಿಸ್ಟರ್ ತಿರುವಿದ್ರು. “ನೀರು ಸರಿಯಾಗೇ ಇತ್ತಲ್ಲ. ಇವನೇ ಒಂದೊಂದು ಪಂಜರಕ್ಕೆ ಅತಿಯಾಗಿ ಮೀನು ತುಂಬಿದಾನೆ. ಲೈಸೆನ್ಸ್ ರದ್ದು ಮಾಡ್ಬೇಕಾಗುತ್ತೆ.”
ತಮ್ಮ ತಲೆ ತಗ್ಗಿಸಿದ. “ಅಕ್ಕ ಬರೆದಿದ್ದು ಸುಳ್ಳಾಗಲ್ಲ ಸಾರ್. ನನ್ನದೇ ಏನೋ ತಪ್ಪಿರ್ಬೇಕು.”
ಪಕ್ಕದಲ್ಲೇ ಇದ್ದೆ. ಸಾಹೇಬರು ಮುಚ್ಚಿಟ್ಟ ರಿಜಿಸ್ಟರ್ ಎತ್ತಿ ಕಂಕುಳಲ್ಲಿಟ್ಕೊಂಡೆ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಮಾಡಿದ್ದು ನಾನು, ಉಣ್ತಿರೋದು ಅವನು. ಥೂ, ನನ್ನ ಜನ್ಮಕ್ಕಿಷ್ಟು.

ಸೆಪ್ಟೆಂಬರ್ 12, ಬೆಳಗ್ಗೆ 7, ಕಟ್ಟೆ
ತಳಕ್ಕಿಳಿಸಿದೆ. 0.6. ಹಾಗೇ ಬರೆದೆ. ಆರನೇ ತಾರೀಕಿನ 0.4 ಕೂಡ. ಅದಕ್ಕೂ ಹಿಂದಿನ ‘ತಳ’ಕ್ಕೆಲ್ಲ ಅಡ್ಡಗೆರೆ ಎಳೆದು, ‘ಅಳೆದಿಲ್ಲ’ ಅಂತ ಬರೆದು ಸಹಿ ಹಾಕಿದೆ. ಕೆಲಸ ಹೋದ್ರೆ ಹೋಗ್ಲಿ. ಸಾಹೇಬರಿಗೆ ಹೇಳೋದು ದೊಡ್ಡದಲ್ಲ.
ತಮ್ಮ ಬರ್ತಿದಾನೆ. ಕೈಯಲ್ಲಿ ಏನೋ ಬಾಟಲಿ. “ನೋವಿನೆಣ್ಣೆ ಕಣೇ, ನಿನ್ನ ಭುಜಕ್ಕೆ” ಅಂತ ದೂರದಿಂದ್ಲೇ ಕೂಗ್ತಿದಾನೆ.
ರಿಜಿಸ್ಟರ್ ಮೊದಲು ಅವನ ಕೈಗೇ ಕೊಡ್ತೀನಿ. ಬಂದ. ಏನಕ್ಕಾ ಬರೀತಿದೀಯ ಅಂತ ಕೇಳ್ತಿದಾನೆ. ಕೊಡ್ತಿದೀನಿ.