ಕಂಡಕ್ಟರನ ಕಿರುಬೆರಳು

ಕುಷ್ಟಗಿ
ಬುಧವಾರ, 12-11-2025

ಶ್ರೀಮತಿ ರೇಣುಕಾದೇವಿಯವರ ಸನ್ನಿಧಿಗೆ, ಗಂಡ ಯಂಕೇಶನ ನಮಸ್ಕಾರ.

ಹೇಗಿದ್ದೀ? ನಿನ್ನ ಅವ್ವನ ಮೊಣಕಾಲು ನೋವು ಕಡಿಮೆಯಾಯಿತೇ? ನಾನು ಆರಾಮ ಇದ್ದೇನೆ. ತವರಿಗೆ ಹೋಗಿ ಹನ್ನೊಂದು ದಿನವಾಯಿತು, ಮಹಾರಾಣಿ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ನಿಮ್ಮೂರು ಇರಕಲ್ಲಗಡದ ಬಸ್ಸಿನ ಕಂಡಕ್ಟರ್ ಅಸ್ಲಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಡೆದು ಓದುವ ಬುದ್ಧಿ ಅವನಿಗಿದೆ ಎಂದು ಎರಡು ಸಲ ಅಂಟಿಸಿದ್ದೇನೆ.

ನೀನು ಬಿಟ್ಟುಹೋದ ನೇಲ್ ಪಾಲಿಶ್ ಸೀಸೆ ಕನ್ನಡಿ ಮುಂದೆ ಹಾಗೇ ಕೂತಿದೆ. ಕಪ್ಪೆಚಿಪ್ಪಿನ ಒಳಮೈ ಬಣ್ಣವಂತೆ. ಬಿಳಿಯೂ ಅಲ್ಲ, ಗುಲಾಬಿಯೂ ಅಲ್ಲ, ಹಾಲಿನ ಪಾತ್ರೆ ತೊಳೆದ ನೀರು. ಕೆಂಪು ಹಚ್ಚಿದ್ದರೆ ಕೆಂಪು ಎನ್ನಬಹುದಿತ್ತು. ನೀನು ಕಣ್ಣಿಗೇ ಕಾಣದ ಬಣ್ಣ ಬಳಿದುಕೊಂಡು, ಒಣಗಲಿ ಎಂದು ಹತ್ತೂ ಬೆರಳು ಅಗಲಿಸಿ ಕೂತಿದ್ದೆ. ಅದಕ್ಕೇ ನಾನು ನಮ್ಮ ಗೀತಕ್ಕನ ಮುಂದೆ "ರೊಟ್ಟಿ ಬಡಿಯೋ ಕೈಗೆ ಈ ಸೋಗು ಯಾಕ? ಯಾರ ನೋಡ್ತಾರ?" ಅಂದೆ. ಅಕ್ಕ ನಕ್ಕಳು. ಅಷ್ಟಕ್ಕೇ ನೀನು ಚೀಲ ಕಟ್ಟಿದೆ.

ಯಾರೂ ನೋಡುವುದಿಲ್ಲ ಎಂದು ಸಾಬೀತು ಮಾಡಲು ಸೋಮವಾರ ಡ್ಯೂಟಿಗೆ ಹೊರಡುವಾಗ ನಾನೇ ಎಡಗೈ ಕಿರುಬೆರಳಿಗೆ ಹಚ್ಚಿಕೊಂಡೆ. ನೋಟು ಮಡಚಿ ಬೆರಳ ಸಂದಿಯಲ್ಲಿ ಹಿಡಿಯುವ ಕೈ ಅದು, ಬಸ್ಸಿನ ಕಣ್ಣೆಲ್ಲ ಅದರ ಮೇಲೇ ಇರುತ್ತದೆ. ಹದಿನಾಲ್ಕು ವರ್ಷ ಟಿಕೆಟ್ ಕೊಟ್ಟ ಈ ಜಾಣನಿಗೆ ಅದು ಹೊಳೆಯಲಿಲ್ಲ. ಕಿಟಕಿಯ ಬಿಸಿಲು ಬಿದ್ದದ್ದೇ ತಡ, ಆ ದರಿದ್ರ ಉಗುರು ಮಿರಮಿರ ಮಿಂಚಿತು. ಕಾಲೇಜಿನ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಮೂರು ಮೆಣಸಿನಕಾಯಿ ಚೀಲ ಹತ್ತಿಸಿ ಒಂದಕ್ಕೇ ಲಗೇಜು ದುಡ್ಡು ಕೊಡುತ್ತೇನೆಂದು ವಾದಿಸುತ್ತಿದ್ದ ಪುಣ್ಯಾತ್ಮ ಕೂಡ "ಏನ್ರಿ ಸಾಹೇಬ್ರ, ಮದರಂಗಿ ಯಾವಾಗ?" ಅಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನದು ಕಿರುಬೆರಳಿನ ಉಗುರಿಗೆ ಹೋಯಿತು. ಬೇವೂರಿನಲ್ಲಿ ಹತ್ತಿದ ಪಕ್ಕೀರವ್ವ ಎಂಬ ಮುದುಕಿ ಆಧಾರ್ ಕಾರ್ಡ್ ತೋರಿಸುವುದು ಬಿಟ್ಟು ನನ್ನ ಬೆರಳನ್ನೇ ಹಿಡಿದುಕೊಂಡಳು. "ಯಾರ ಹಚ್ಯಾರೋ ತಮ್ಮಾ, ಹೆಂಡ್ತೇನು?" ಇಡೀ ಬಸ್ಸು ಕಿವಿಗೊಟ್ಟಿತ್ತು. "ಹೌದವ್ವ" ಅಂದೆ. ಮತ್ತೇನು ಹೇಳಲಿ?

ಮನೆಗೆ ಬಂದು ಸಾಬೂನು, ಸುಣ್ಣ, ಸೀಮೆಎಣ್ಣೆ, ಪಾತ್ರೆ ತಿಕ್ಕುವ ತಂತಿ ಎಲ್ಲ ಹಾಕಿ ತಿಕ್ಕಿದೆ. ಚರ್ಮ ಹೋಯಿತು, ಬಣ್ಣ ಹೋಗಲಿಲ್ಲ. ಇಂಥದ್ದನ್ನು ಮಾರುವವರಿಗೂ ಕೊಳ್ಳುವವರಿಗೂ ದೊಡ್ಡ ನಮಸ್ಕಾರ.

ಅತ್ತೆಯವರು ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಲಿ. ಅವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಯಂಕೇಶ

ತಾ.ಕ.: ಒಂದು ಮಾತು ಬಿಟ್ಟುಹೋಗಿತ್ತು. ಆ ಮುದುಕಿ ಇಳಿಯುವಾಗ, "ಆಕಿಗೆ ಹೇಳು, ಭಾಳ ಛಲೋ ಹಚ್ಯಾಳ ಅಂತ" ಅಂದಳು. ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ರೇಣುಕಾ, ನೀನು ಅಂದು ಬೆರಳು ಅಗಲಿಸಿ ಕೂತದ್ದು ನನಗೆ ತೋರಿಸಲಿಕ್ಕೆ. ನಾನು ನೋಡದೆಯೇ ಅಂದುಬಿಟ್ಟೆ. ತಪ್ಪಾಯಿತು. ಗೀತಕ್ಕನ ಮುಂದೆಯೂ ತಪ್ಪಾಯಿತೆಂದು ಹೇಳಿದೆ. ನನ್ನ ಬೆರಳು ನೋಡಿ ಮತ್ತೆ ನಕ್ಕಳು, ನಗಲಿ. ಬಣ್ಣ ತೆಗೆಯುವ ನೀರು ಅಂಗಡಿಯಲ್ಲಿ ಸಿಗುತ್ತದೆ ಎಂದು ಅಸ್ಲಮ ಹೇಳಿದ. ನಾನು ತಂದಿಲ್ಲ. ಭಾನುವಾರ ಇರಕಲ್ಲಗಡದ ಡ್ಯೂಟಿ ಕೇಳಿ ಹಾಕಿಸಿಕೊಂಡಿದ್ದೇನೆ. ಬೆರಳು ನೋಡಿ ಎಷ್ಟು ಬೇಕಾದರೂ ನಗು, ಆದರೆ ಬಸ್ಸು ಹತ್ತು.