‘ಬುಡಿ’ ಅಂದರೆ ಬೇಡ ಅಂತಲ್ಲ

ಮಾನ್ಯರೇ,

ಶೀಳನೆರೆ ಹೋಬಳಿಯ ಚಲುವಮ್ಮ ಚಿಕಿತ್ಸೆ ಬೇಡ ಅಂದಿಲ್ಲ. ಬೇಡ ಅಂದಳು ಎಂದು ಹೃದಯ ಸಮೀಕ್ಷೆಯ ಮುಖ್ಯಾಧಿಕಾರಿಯಾದ ನಿಮ್ಮ ಕಂಪ್ಯೂಟರಿನಲ್ಲಿದೆ. ಆ ಸುಳ್ಳನ್ನು ಅದರೊಳಗೆ ಹಾಕಿದವಳು ನಾನು. ಅದು ಸುಳ್ಳು ಎಂದು ನಾಲ್ಕು ಸಲ ಬರೆದು ತಿಳಿಸಿದ ಮೇಲೂ ಅಳಿಸದೆ ಕೂತಿರುವವರು ನೀವು. ಈ ತಿಂಗಳ ಮೂವತ್ತಕ್ಕೆ ಹೃದಯ ಶಸ್ತ್ರಚಿಕಿತ್ಸೆಯ ಪಟ್ಟಿ ಮುಚ್ಚುತ್ತದೆ. ಅಷ್ಟರೊಳಗೆ ಆ ಒಂದು ಪದ ಹೋಗದಿದ್ದರೆ ಐವತ್ತೊಂದು ವರ್ಷದ ಆ ಹೆಂಗಸು ಉಳಿಯುವುದು ಕಷ್ಟ ಎಂದು ಮೈಸೂರಿನ ವೈದ್ಯರು ಹೇಳಿದ್ದಾರೆ. ಲಕೋಟೆಯೊಳಗೆ ಇಟ್ಟು ಕಳಿಸಿದ ಪತ್ರಗಳನ್ನು ನೀವು ಓದುವುದಿಲ್ಲವಾದ್ದರಿಂದ ಎಲ್ಲರೂ ಓದುವ ಹಾಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ಗೊತ್ತು, ಓದುಗರಿಗೆ ಗೊತ್ತಿಲ್ಲ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯವಳು, ಕಬ್ಬಿನ ಗದ್ದೆಯಿರುವ ಒಕ್ಕಲು ಮನೆತನದವಳು. ಓದಿದ್ದು ಆರೋಗ್ಯ ಮನೋವಿಜ್ಞಾನ. ಒಂದೇ ಕಾಯಿಲೆ ಬಂದ ಇಬ್ಬರಲ್ಲಿ ಒಬ್ಬರಿಗೆ ಬೇಗ ಚಿಕಿತ್ಸೆ ಸಿಕ್ಕಿ ಇನ್ನೊಬ್ಬರಿಗೆ ಯಾಕೆ ಸಿಗುವುದಿಲ್ಲ, ಅದರಲ್ಲಿ ಜಾತಿಯ ಪಾಲೆಷ್ಟು ಅನ್ನುವುದು ನನ್ನ ಸಂಶೋಧನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ನೀವು ನಡೆಸಿದ ಹೃದಯ ಸಮೀಕ್ಷೆಗೆ ‘ಸ್ಥಳೀಯ ಭಾಷೆ ಬಲ್ಲವರು’ ಬೇಕು ಎಂದಿರಿ. ನನ್ನನ್ನು ಆರಿಸಿದಿರಿ. ಭಾಷೆ ಬಲ್ಲವಳು ಮಾಡಿದ ಘನಂದಾರಿ ಕೆಲಸ ಏನೆಂದು ಈಗ ಕೇಳಿ.

ಫೆಬ್ರವರಿ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಊರಾಚೆ ಇರುವ ಪರಿಶಿಷ್ಟರ ಕೇರಿಯಲ್ಲಿ ಅದು ನನ್ನ ಹದಿನೇಳನೇ ಮನೆ. ಚಲುವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮುಗಿಸಿ ಆಗ ತಾನೇ ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಬೀದಿಯಲ್ಲಿ ನಿಂತಿದ್ದೆ. ನಿಮ್ಮ ಫಾರಂನ ಇಪ್ಪತ್ತೆರಡನೇ ಪ್ರಶ್ನೆ ಓದಿದೆ. ಎದೆನೋವು, ಉಸಿರಾಟದ ತೊಂದರೆ ಇದೆಯೇ, ಇದ್ದರೆ ತಪಾಸಣೆಗೆ ಒಪ್ಪುವಿರಾ?

“ಒಸಿ ಉಸ್ರು ಕಟ್ತದೆ ಅಮ್ಮಾರೆ, ಅನ್ನದ ಡಬರಿ ಇಳುಸ್ವಾಗ” ಅಂದರು.

“ತಪಾಸಣೆ ಮಾಡುಸ್ಕೊತೀರಾ? ಗಾಡಿ ಇಲ್ಲಿಗೇ ಬರ್ತದೆ” ಅಂದೆ.

“ಅಯ್ಯೋ ಬುಡಿ ಅಮ್ಮಾರೆ. ನಮ್ದೇನು ಮಹಾ.”

ಫಾರಂನಲ್ಲಿ ಇದ್ದದ್ದು ಎರಡೇ ಚೌಕ. ಒಂದು ‘ಒಪ್ಪಿಗೆ’, ಇನ್ನೊಂದು ‘ನಿರಾಕರಣೆ’. ನಾನು ನಿರಾಕರಣೆಗೆ ಗುರುತು ಹಾಕಿ ಹದಿನೆಂಟನೇ ಮನೆಗೆ ಹೋದೆ.

ನಿಮ್ಮ ಕಚೇರಿಗೆ ಮಂಡ್ಯ ಸೀಮೆಯ ಮಾತು ಗೊತ್ತಿಲ್ಲದಿರಬಹುದು, ಹೇಳುತ್ತೇನೆ. ನಮ್ಮ ಕಡೆ ‘ಬುಡಿ’ ಅನ್ನುವುದು ಉತ್ತರವಲ್ಲ, ಉತ್ತರ ಕೊಡುವ ಮೊದಲು ಮಾಡುವ ಮರ್ಯಾದೆ. ಮನೆಗೆ ಬಂದ ನೆಂಟರನ್ನು ಊಟಕ್ಕೆ ಏಳಿ ಅನ್ನಿ. “ಬುಡಿ, ಈಗ್ತಾನೆ ಉಂಡ್ಕಂಡ್ ಬಂದೊ” ಅನ್ನುತ್ತಾರೆ. ಇನ್ನೊಂದು ಸಲ ಕರೆಯಿರಿ. “ಬುಡಿ ಬುಡಿ, ಯಾಕ್ ತೊಂದ್ರೆ” ಅನ್ನುತ್ತಾರೆ. ಮೂರನೇ ಸಲ ಕೈ ಹಿಡಿದು ಎಳೆಯಿರಿ, ಕೂತು ಎರಡು ಮುದ್ದೆ ಉಣ್ಣುತ್ತಾರೆ. ಮೊದಲನೇ ಸಲಕ್ಕೇ ಎದ್ದು ಎಲೆ ಮುಂದೆ ಕೂತವರನ್ನು ನಾವು ಆಸೆಬುರುಕರು ಅಂತೇವೆ. ಮೊದಲನೇ ಸಲಕ್ಕೇ ಕರೆಯುವುದು ನಿಲ್ಲಿಸಿದವರನ್ನು ಜೀವಮಾನವಿಡೀ ಆಡಿಕೊಳ್ಳುತ್ತೇವೆ. ಇದು ನನಗೆ ಹಾಲು ಕುಡಿಯುವ ವಯಸ್ಸಿನಿಂದ ಗೊತ್ತು. ಆದರೂ ಚಲುವಮ್ಮನನ್ನು ಎರಡನೇ ಸಲ ಕೇಳಲಿಲ್ಲ. ಬಿಸಿಲಿತ್ತು, ದಿನಕ್ಕೆ ನಲವತ್ತು ಮನೆ ಮುಗಿಸಬೇಕಿತ್ತು ಅನ್ನುವ ನೆವಗಳು ನನ್ನ ಹತ್ತಿರ ಇವೆ. ಆದರೆ ಅವತ್ತು ಬೆಳಿಗ್ಗೆ ಅದೇ ಊರೊಳಗಿನ ಜಗುಲಿಗಳ ಮೇಲೆ ಕೂತು ಕಾಫಿ ಕುಡಿಯುತ್ತಾ ಇದೇ ಪ್ರಶ್ನೆಯನ್ನು ಮೂರು ಮೂರು ಸಲ ಕೇಳಿದ್ದೆನಲ್ಲ? “ಬುಡವ್ವ” ಅಂದವರಿಗೆಲ್ಲ “ಏನ್ ಬುಡೋದು, ಸುಮ್ಕಿರಿ” ಎಂದು ಗದರಿ ಒಪ್ಪಿಗೆಗೆ ಗುರುತು ಹಾಕಿದ್ದೆನಲ್ಲ? ಅಲ್ಲೂ ಬಿಸಿಲಿತ್ತು. ನಾಚಿಕೆಯಾಗುತ್ತದೆ, ಮಾನ್ಯರೇ. ಜಾತಿಯಿಂದ ಆರೋಗ್ಯ ಹೇಗೆ ಕೆಡುತ್ತದೆ ಎಂದು ಐದು ವರ್ಷ ಓದಿದವಳು ನಾನು.

ಇನ್ನೊಂದು ಸಾಕ್ಷಿ ನಮ್ಮ ಮನೆಯಲ್ಲೇ ಇದೆ. ಅದೇ ತಿಂಗಳು ನಮ್ಮವ್ವ ಅಣ್ಣಮ್ಮನನ್ನು ಮಂಡಿನೋವಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನರ್ಸು ಎದೆನೋವು ಇದೆಯಾ ಅಂದರು. “ಏನಿಲ್ಲ ಬುಡವ್ವ” ಅಂದಿತು ನಮ್ಮವ್ವ. “ಬುಡವ್ವ ಅಂತೆ ಬುಡವ್ವ! ಮಲಿಕ್ಕಳಿ ಗೌಡ್ತಮ್ಮ” ಎಂದು ನರ್ಸು ಮಂಚಕ್ಕೆ ಒರಗಿಸಿ ಇಸಿಜಿ ಮಾಡಿಯೇ ಬಿಟ್ಟರು. ನಮ್ಮವ್ವನ ಎದೆ ಗುಂಡುಕಲ್ಲಿನ ಹಾಗಿದೆ, ಇವತ್ತಿಗೂ ದಿನಕ್ಕೆ ಹತ್ತು ಜನರನ್ನು ಬೈಯುತ್ತದೆ. ಆ ನರ್ಸನ್ನು ದೂರುತ್ತಿಲ್ಲ, ಎಲ್ಲರನ್ನೂ ಹಾಗೇ ಗದರಿಸಲಿ ಅನ್ನುತ್ತಿದ್ದೇನೆ. ಅದೇ ಮಾತು ಕೇರಿಯ ಹೆಂಗಸಿನ ಬಾಯಲ್ಲಿ ಬಂದರೆ ನಿರಾಕರಣೆ ಆಗುವುದು ಯಾವ ವೈದ್ಯಶಾಸ್ತ್ರದಲ್ಲಿದೆ?

ಆಮೇಲೆ ನಿಮ್ಮ ವರದಿ ಬಂತು. ಬಣ್ಣದ ಮುಖಪುಟ, ನುಣುಪು ಕಾಗದ. ಪರಿಶಿಷ್ಟರ ಕೇರಿಗಳಲ್ಲಿ ತಪಾಸಣೆ ನಿರಾಕರಿಸಿದವರು ಊರೊಳಗಿನವರಿಗಿಂತ ಮೂರು ಪಟ್ಟು ಹೆಚ್ಚು ಎಂದು ಬರೆದು, ಕೆಳಗೆ ವಿದ್ವತ್ಪೂರ್ಣವಾದ ಒಂದು ವಾಕ್ಯ: “ಸದರಿ ನಿವಾಸಿಗಳಲ್ಲಿ ಆರೋಗ್ಯಪ್ರಜ್ಞೆ ಕಡಿಮೆಯಾಗಿಯೂ ನೋವು ಸಹಿಸುವ ಸಾಮರ್ಥ್ಯ ಹೆಚ್ಚಾಗಿಯೂ ಕಂಡುಬರುತ್ತದೆ.” ಭೇಷ್! ನೋವು ಸಹಿಸುವ ಸಾಮರ್ಥ್ಯವಂತೆ! ದನದ ಜಾತ್ರೆಯಲ್ಲಿ ಎತ್ತಿನ ಬೆನ್ನು ತಟ್ಟಿ ಆಡುವ ಮಾತನ್ನು ಮನುಷ್ಯರ ಮೇಲೆ ಬರೆದು ಸಹಿ ಹಾಕಲು ಕೈ ಹೇಗೆ ಬಂತು? ಆ ಕೇರಿಗಳಿಗೆ ತಪಾಸಣಾ ಗಾಡಿ ಕಳಿಸುವುದು ಇಂಧನ ದಂಡ ಎಂದು ಅದರ ಮುಂದಿನ ಪುಟದಲ್ಲೇ ತೀರ್ಮಾನ ಮಾಡಿದಿರಿ. ಗಾಡಿ ಹೋಗಲಿಲ್ಲ.

ಆಗಸ್ಟಿನಲ್ಲಿ ಚಲುವಮ್ಮನ ಗಂಡ ಸೋಮಯ್ಯನವರ ಫೋನು ಬಂತು. ಸಮೀಕ್ಷೆಯ ದಿನ ನನ್ನ ಫೋನ್ ನಂಬರು ಬರೆದು ಕೊಟ್ಟುಬಂದ ಚೀಟಿಯನ್ನು ಅವರು ಜೋಪಾನ ಮಾಡಿದ್ದರು. “ಅಮ್ಮಾರೆ, ಇವ್ಳು ನಾಕೆಜ್ಜೆ ಆಕುದ್ರೆ ಕುಂತ್ಕತಾವ್ಳೆ. ಮನಿಕ್ಕಂಡ್ರೆ ಉಸ್ರೇ ಬರಾಕಿಲ್ಲ” ಅಂದರು. ಮೈಸೂರಿಗೆ ಕರೆದುಕೊಂಡು ಹೋದೆವು. ಹೃದಯದ ಕವಾಟ ಕೆಟ್ಟಿದೆ, ಬದಲಾಯಿಸಲೇಬೇಕು, ಆರು ತಿಂಗಳು ಮುಂಚೆ ಬಂದಿದ್ದರೆ ಇಷ್ಟು ಅಪಾಯ ಇರಲಿಲ್ಲ ಎಂದರು ವೈದ್ಯರು. ಆರು ತಿಂಗಳು ಮುಂಚೆ ಅಂದರೆ ಫೆಬ್ರವರಿ. ನಾನು ಅವರ ಮುಂದೆ ತಲೆ ತಗ್ಗಿಸಿ ಕೂತಿದ್ದೆ.

ಸರ್ಕಾರದ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆ ಆಗುತ್ತದೆ, ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿರಬೇಕು ಅಂದರು. ಹೆಸರು ಹಾಕಿ ನೋಡಿದರೆ ಕಂಪ್ಯೂಟರು ಕೆಂಪಕ್ಷರದಲ್ಲಿ ತೋರಿಸಿತು: “ನಿರಾಕರಣೆ. ಮರುನೋಂದಣಿಗೆ ಅವಕಾಶವಿಲ್ಲ.” ಒಂದು ಸಲ ಬೇಡ ಅಂದವರಿಗೆ ಬುದ್ಧಿ ಬರುವುದೇ ಇಲ್ಲ ಎಂದು ಈ ನಿಯಮ ಬರೆದವರು ಯಾರು ಸ್ವಾಮಿ?

ತಪ್ಪು ನನ್ನದು ಎಂದು ನಿಮಗೆ ಬರೆದೆ. ಮೂರನೇ ಪತ್ರಕ್ಕೆ ಉತ್ತರ ಬಂತು. ದತ್ತಾಂಶ ಅಂತಿಮಗೊಂಡಿದೆ, ಕ್ಷೇತ್ರ ಸಿಬ್ಬಂದಿಯ ಭಾವನಾತ್ಮಕ ಹೇಳಿಕೆಯನ್ನು ಪರಿಗಣಿಸಲಾಗದು, ಆರೋಗ್ಯದ ವಿಷಯಕ್ಕೆ ಜಾತಿಯನ್ನು ತರುವುದು ಸರಿಯಲ್ಲ, ರೋಗಿಯೇ ಖುದ್ದಾಗಿ ಬಂದು ಹೇಳಿಕೆ ಕೊಡಬಹುದು. ಜಾತಿ ತಂದವಳು ನಾನೇ? ನಿಮ್ಮ ಫಾರಂನ ಮೂರನೇ ಕಲಮು ತೆಗೆದು ನೋಡಿ. ಹೆಸರಾದ ಮೇಲೆ ವಯಸ್ಸು, ವಯಸ್ಸಾದ ಮೇಲೆ ಜಾತಿ. ಬರೆದುಕೊಳ್ಳುವಾಗ ಜಾತಿ ಬೇಕು, ಕಾರಣ ಹುಡುಕುವಾಗ ಬೇಡ, ಚೆನ್ನಾಗಿದೆ ನಿಮ್ಮ ವಿಜ್ಞಾನ!

ಸರಿ, ಖುದ್ದಾಗಿ ಬಂದೆವು. ನಿಮ್ಮ ಕಚೇರಿ ಎರಡನೇ ಮಹಡಿಯಲ್ಲಿದೆ, ಲಿಫ್ಟು ಕೆಟ್ಟಿತ್ತು. ಕವಾಟ ಕೆಟ್ಟ ಹೃದಯ ಹೊತ್ತ ಹೆಂಗಸು ಆ ಮೆಟ್ಟಿಲು ಹತ್ತಲು ಇಪ್ಪತ್ತೈದು ನಿಮಿಷ ಆಯಿತು. ಐದು ಕಡೆ ಕೂತರು. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಗುಮಾಸ್ತರು ನನ್ನನ್ನು ಬಾಗಿಲಾಚೆ ನಿಲ್ಲಿಸಿ, ರೋಗಿಯ ಮೇಲೆ ಪ್ರಭಾವ ಬೀರಬಾರದು ಅಂದರು. ತಲೆ ಎತ್ತದೆ ಕೇಳಿದರು:

“ಏನಮ್ಮಾ, ಫೆಬ್ರವರೀಲಿ ಬೇಡ ಅಂದಿದ್ದಾ?”

ಚಲುವಮ್ಮ ಸೆರಗು ಹೊದ್ದುಕೊಂಡು ಗೋಡೆ ಪಕ್ಕಕ್ಕೆ ಸರಿದು ನಿಂತರು. ಖಾಲಿ ಕುರ್ಚಿ ಇತ್ತು, ಕೂತ್ಕೋ ಎಂದು ಯಾರೂ ಅನ್ನಲಿಲ್ಲ.

“ಏನೋ ಅಂದಿದ್ದೆ ಬುಡಿ ಸಾ” ಅಂದರು.

ಗುಮಾಸ್ತರು ಬರೆದುಕೊಂಡರು. ‘ರೋಗಿಯು ತನ್ನ ನಿರಾಕರಣೆಯನ್ನು ಖಚಿತಪಡಿಸಿರುತ್ತಾರೆ.’ ಹೆಬ್ಬೆಟ್ಟು ಒತ್ತಿಸಿಕೊಂಡರು. ಚಲುವಮ್ಮ ಏಳನೇ ಕ್ಲಾಸು ಓದಿದ್ದಾರೆ, ಸಹಿ ಮಾಡಲು ಬರುತ್ತದೆ, ಅದನ್ನೂ ಯಾರೂ ಕೇಳಲಿಲ್ಲ.

ಕೆಳಗಿಳಿದು ಬಸ್ ಸ್ಟಾಪಿನಲ್ಲಿ ಕೂತಾಗ ನನಗೆ ತಡೆಯಲಾಗಲಿಲ್ಲ. ಕಾಯಿಲೆಯವರು ಅನ್ನುವುದನ್ನೂ ನೋಡದೆ ರೇಗಿಬಿಟ್ಟೆ. “ಅಷ್ಟು ದೂರದಿಂದ ಬಂದು ಯಾಕಂಗಂದ್ರಿ? ಬೇಕು ಅನ್ನಕ್ಕೆ ಏನಾಗಿತ್ತು?”

ಅವರಿಗೆ ಕೋಪ ಬರಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಅಂದರು: “ಅವ್ರು ಇನ್ನೊಂದ್ ಸತಿ ಕೇಳ್ನಿಲ್ವಲ್ಲವ್ವ.”

ಸೋಮಯ್ಯ ಅತ್ತ ತಿರುಗಿಕೊಂಡು ಟವೆಲಿನಿಂದ ಮುಖ ಒರೆಸಿಕೊಂಡರು.

ಕಳೆದ ಭಾನುವಾರ ಅವರ ಮನೆಗೆ ಹೋಗಿ, ಒಳಗೆ ಚಾಪೆ ಮೇಲೆ ಕೂತು ಇಪ್ಪತ್ತೆರಡನೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಮೊದಲನೇ ಸಲ “ನಂಗ್ಯಾಕವ್ವ ಬುಡು, ಆಗೋದಾಯ್ತದೆ” ಅಂದರು. ಎರಡನೇ ಸಲ “ನಾನ್ ಆಸ್ಪತ್ರೆ ಸೇರುದ್ರೆ ಇಸ್ಕೂಲ್ ಮಕ್ಳುಗೆ ಬೇಯ್ಸಾಕೋರ್ಯಾರು” ಅಂದರು. ಮೂರನೇ ಸಲ ಕೇಳಿದಾಗ ಅತ್ತರು. “ಬೇಕು ಕಣವ್ವ. ಎದ್ರಿಕೆ ಆಯ್ತದೆ, ಆದ್ರೂ ಬೇಕು. ನಂಗಿನ್ನೂ ಬದುಕ್ಬೇಕು ಅಂತ ಆಸೆ ಅದೆ. ಚಲುವಮ್ಮ ಬೇಕು ಅಂದ್ಲು ಅಂತ್ಲೇ ಬರ್ಕೊ” ಅಂದರು. ಬರೆದುಕೊಂಡೆ. ಅವರೇ ಸಹಿ ಮಾಡಿದರು. ಮೂರು ಸಲಕ್ಕೂ ಸೇರಿ ಹನ್ನೊಂದು ನಿಮಿಷ ಹಿಡಿಯಿತು. ಒಂದು ಮನೆಗೆ ನಾಲ್ಕು ನಿಮಿಷ ಎಂದು ನಿಗದಿ ಮಾಡಿದ ಮಹಾನುಭಾವರಿಗೆ ಇದು ತಿಳಿದಿರಲಿ.

ಆ ಹೇಳಿಕೆ ಇದರ ಜೊತೆಗಿದೆ. ಸಮೀಕ್ಷೆಯಲ್ಲಿ ನಾನು ಒಬ್ಬಳೇ ನಿರಾಕರಣೆ ಎಂದು ಗುರುತು ಹಾಕಿದ ಮನೆಗಳು ನೂರ ಹದಿನಾಲ್ಕು. ಅವಕ್ಕೆಲ್ಲ ವಾಪಸು ಹೋಗಿ ಕೇಳಲು ನಾನು ತಯಾರಿದ್ದೇನೆ, ಆದೇಶ ಕೊಡಿ. ಉಳಿದವರು ಗುರುತು ಹಾಕಿದ ಮನೆಗಳಿಗೂ ಯಾರನ್ನಾದರೂ ಕಳಿಸಿ, ಬೀದಿಯಲ್ಲಿ ನಿಲ್ಲದೆ ಒಳಗೆ ಹೋಗಿ ಕೂತು ಕೇಳುವವರನ್ನು ಕಳಿಸಿ. ನೋವು ಸಹಿಸುವ ಸಾಮರ್ಥ್ಯದ ಆ ವಾಕ್ಯವನ್ನು ವರದಿಯಿಂದ ಕಿತ್ತುಹಾಕಿ. ಇವೆಲ್ಲ ನಿಮ್ಮ ವೇಗದಲ್ಲೇ ಆಗಲಿ, ಕಾಯುತ್ತೇವೆ. ಚಲುವಮ್ಮ ಕಾಯುವ ಹಾಗಿಲ್ಲ. ಇವತ್ತು ಹತ್ತೊಂಬತ್ತು. ಮೂವತ್ತರೊಳಗೆ ಅವರ ಹೆಸರಿನ ಮುಂದೆ ‘ಒಪ್ಪಿಗೆ’ ಎಂದು ಬರಬೇಕು.

ಬರಲಿಲ್ಲ ಅನ್ನಿ. ಆ ಹೆಂಗಸು ಹೋಗಿಬಿಟ್ಟರು ಅನ್ನಿ. ಆಗ ಕಡತದಲ್ಲಿ ನಿರಾಕರಣೆ ಅನ್ನುವ ಪದವನ್ನು ಹಾಗೇ ಬಿಡಿ, ನನ್ನ ತಕರಾರಿಲ್ಲ. ನಿರಾಕರಿಸಿದವರ ಹೆಸರಿನ ಜಾಗದಲ್ಲಿ ಮಾತ್ರ ಚಲುವಮ್ಮನನ್ನು ಹೊಡೆದುಹಾಕಿ, ನಿಮ್ಮ ಹುದ್ದೆಯನ್ನು ಬರೆಯಿರಿ.

ಇಂತಿ,
ಸ್ಥಳೀಯ ಭಾಷೆ ಬಲ್ಲವಳೆಂದು ನೀವು ನಂಬಿದ್ದ,
ರಂಜಿತ
ಕ್ಯಾತನಹಳ್ಳಿ